ನೋಟದ ಹಿಟ್ಟು

ಕಿವಿಯಕ್ಕನಿಗೆ ಬರಬೇಕಾದದ್ದು ಏಳು ತಿಂಗಳ ಅರ್ಧ ಸಂಬಳ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಅರ್ಧ ಯಾಕೆಂದರೆ ಇನ್ನರ್ಧವನ್ನು ಯಜಮಾನ ತಿಂಗಳು ತಿಂಗಳು ಕೊಟ್ಟಿದ್ದಾನೆ. ಬಾಡಿಗೆ ಕಟ್ಟಿ, ಹೊಟ್ಟೆಗೆ ಒಂದಿಷ್ಟು ಹಾಕಿಕೊಂಡು, ಮರುದಿನ ಮತ್ತೆ ಕೆಲಸಕ್ಕೆ ಬರುವಷ್ಟು. ಗಾಡಿ ಎಳೆಯುವ ಎತ್ತಿಗೆ ಹುಲ್ಲು ಹಾಕುವ ಲೆಕ್ಕ ಅದು. ಉಳಿದದ್ದನ್ನು "ನಿನ್ನ ದುಡ್ಡು ನನ್ನ ಹತ್ರ ಭದ್ರವಾಗಿದೆ ಅಕ್ಕ" ಎಂದು ಹಿಡಿದಿಟ್ಟುಕೊಂಡ. ಸುಳ್ಳು ಹೇಳಲಿಲ್ಲ. ಅವನ ಹತ್ತಿರ ಭದ್ರವಾಗಿಯೇ ಇದೆ.

ಅದು ಇಟಾಲಿಯನ್ ಊಟದ ಸಣ್ಣ ಹೋಟೆಲು. ಒಂದು ಕಡೆ ದರ್ಜಿಯ ಅಂಗಡಿ, ಇನ್ನೊಂದು ಕಡೆ ಸೈಕಲ್ ರಿಪೇರಿ, ಮಧ್ಯದಲ್ಲಿ ಇದು. ತಗ್ಗಿನ ಸೂರು, ಕಾಲಿಗೆ ರಟ್ಟು ಮಡಿಚಿ ಕೊಟ್ಟ ಮೇಜುಗಳು, ಒಬ್ಬರ ಬೆನ್ನು ಇನ್ನೊಬ್ಬರ ಬೆನ್ನಿಗೆ ತಾಗುವ ಕುರ್ಚಿಗಳು. ಬೆಳ್ಳುಳ್ಳಿ ಎಣ್ಣೆಗೆ ಬಿತ್ತೆಂದರೆ ದರ್ಜಿ ಹೊಲಿಗೆ ನಿಲ್ಲಿಸಿ ಮೂಗು ಎತ್ತುತ್ತಿದ್ದ. ಬೀದಿಯವರು ಮದುವೆಯ ಮಾತುಕತೆಗೆ, ಮಗು ಪಾಸಾದ ಖುಷಿಗೆ, ಗಂಡ ಹೆಂಡತಿ ಜಗಳ ಮುಗಿಸುವುದಕ್ಕೆ ಅಲ್ಲಿಗೇ ಬರುತ್ತಿದ್ದರು. ಪಾಸ್ತಾ ಕೈಯಲ್ಲೇ ಮಾಡಿದ್ದು ಎನ್ನುವುದು ಆ ಹೋಟೆಲಿನ ಹೆಗ್ಗಳಿಕೆ. ಆ ಕೈ ಕಿವಿಯಕ್ಕನದು.

ಅವಳಿಗೆ ಆ ಹೆಸರು ಬಂದದ್ದು ಅವಳು ಮಾಡುವ ಪಾಸ್ತಾದಿಂದ. ರವೆಯಂಥ ಹಿಟ್ಟಿಗೆ ಬೆಚ್ಚಗಿನ ನೀರು ಹಾಕಿ ನಾದಬೇಕು. ಹಗ್ಗದ ಹಾಗೆ ಹೊಸೆದು ಕಾಳಿನಷ್ಟು ಕತ್ತರಿಸಬೇಕು. ಮೊಂಡು ಚಾಕುವಿನಿಂದ ಹಲಗೆಯ ಮೇಲೆ ಎಳೆದು, ಹೆಬ್ಬೆರಳಿನ ತುದಿಗೆ ಟೋಪಿ ತೊಡಿಸಿದ ಹಾಗೆ ಮಗುಚಿದರೆ ಒಂದು ಪುಟ್ಟ ಕಿವಿ. ಒಂದು ತಟ್ಟೆ ಊಟಕ್ಕೆ ಇಂಥ ಕಿವಿ ಎಷ್ಟು ಬೇಕೆಂದು ಉಣ್ಣುವವರು ಯಾರೂ ಎಣಿಸಿದವರಲ್ಲ. ಎಣಿಸಿದ್ದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವಳ ಗಂಡ ಲಾರಿಯ ಕೆಲಸಕ್ಕೆ ಹೋದವನು ಇನ್ನೊಂದು ಊರಲ್ಲಿ ಇನ್ನೊಂದು ಸಂಸಾರ ಕಟ್ಟಿಕೊಂಡ. ಇವಳ ಪಾಲಿಗೆ ಬಿಟ್ಟುಹೋದದ್ದು ತನ್ನ ತಂಗಿಯನ್ನು. "ಆ ಮಹಾರಾಯ ನಂಗೆ ಕೊಟ್ಟ ಆಸ್ತಿ ಅಂದ್ರೆ ಇವಳೊಬ್ಬಳು. ಅದೂ ಬಾಯಿ ಸಮೇತ ಕೊಟ್ಟ" ಎಂದು ಕಿವಿಯಕ್ಕ ಹೇಳುತ್ತಿದ್ದಳು. ಅತ್ತಿಗೆ ನಾದಿನಿ ಇಬ್ಬರೂ ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದರು. ನಾದಿನಿ ಇಂದಿಗೂ ಪಾತ್ರೆಯ ಹತ್ತಿರವೇ ಇದ್ದಾಳೆ. ಅತ್ತಿಗೆಯನ್ನು ಹಿಟ್ಟಿನ ಹಲಗೆಗೆ ಎಳೆದುಕೊಂಡವಳು ಈಗಿನ ಯಜಮಾನನ ತಾಯಿ. ಎಲ್ಲರೂ ಹಿರಿಯಮ್ಮ ಅನ್ನುತ್ತಿದ್ದರು.

ಹಿರಿಯಮ್ಮನ ಬಾಯಿ ಹೊಲಸು, ಕೈ ಚೊಕ್ಕ. "ಇದೇನೇ ಕಿವಿ? ಹಂದಿ ಮೂತಿ ಇದ್ದ ಹಾಗಿದೆ. ಬಿಸಾಕು, ಇನ್ನೊಂದು ಮಾಡು" ಎಂದು ಗದರುತ್ತಲೇ ಕಲಿಸಿದಳು. ಹಿಟ್ಟು ಹದವಾಗಿದೆಯೇ ಎಂದು ಹಸಿಯಾಗಿಯೇ ಒಂದು ಚಿವುಟು ನಾಲಿಗೆಗೆ ಇಟ್ಟುಕೊಂಡು ನೋಡಬೇಕು ಎನ್ನುವುದು ಅವಳ ಕಟ್ಟಳೆ. ಇನ್ನೊಂದು ಕಟ್ಟಳೆ, ಬಾಗಿಲು ತೆರೆಯುವ ಮೊದಲು ಕೆಲಸದವರೆಲ್ಲ ದೊಡ್ಡ ಮೇಜಿಗೆ ಕೂತು ಅದೇ ಪಾಸ್ತಾ ಉಣ್ಣಬೇಕು. "ನೀವು ತಿನ್ನದೇ ಇರೋದನ್ನ ಊರಿಗೆ ಹೇಗೆ ಹಾಕ್ತೀರಿ?" ಎನ್ನುತ್ತಿದ್ದಳು. ಸಂಬಳ ಅವಳ ಕಾಲದಲ್ಲೂ ಹೆಚ್ಚೇನಿರಲಿಲ್ಲ. ಅವಳನ್ನು ನಾನು ದೇವರ ಪಟದಲ್ಲಿ ಕೂರಿಸುವುದಿಲ್ಲ. ಆದರೆ ಕೊಡಬೇಕಾದ ದಿನ ಕೊಡುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಮಗ ಮೊದಲು ಗೋಡೆ ಒಡೆಸಿ ಬೀದಿಯ ಕಡೆಗೆ ಗಾಜು ಹಾಕಿಸಿದ. ಗಾಜಿನ ಹಿಂದೆ ಹಲಗೆ, ಹಲಗೆಯ ಹಿಂದೆ ಕಿವಿಯಕ್ಕ, ಅವಳ ತಲೆಯ ಮೇಲೊಂದು ದೀಪ. ಹೋಗಿಬರುವವರು ನಿಂತು ನೋಡತೊಡಗಿದರು. ಒಳಗಿನ ಮೇಜುಗಳಿಗೂ ಅವಳು ಕಾಣುತ್ತಿದ್ದಳು. ಗಿರಾಕಿ ಹೆಚ್ಚಿತು. ಎಷ್ಟು ಹೆಚ್ಚಿತೆಂದರೆ ಎರಡು ಕೈಗೆ ಸಾಲದಷ್ಟು. ಇನ್ನೊಂದು ಜೋಡಿ ಕೈ ಇಟ್ಟುಕೊಳ್ಳುವುದು ಯಾವ ಮನುಷ್ಯನಿಗಾದರೂ ಹೊಳೆಯುತ್ತಿತ್ತು. ಯಜಮಾನನಿಗೆ ಹೊಳೆದದ್ದು ಕಾರ್ಖಾನೆಯ ಚೀಲ. ಒಣಗಿದ ಕಿವಿಗಳು, ಒಂದರಂತೆ ಇನ್ನೊಂದು, ಹಿಂಬಾಗಿಲಿನಿಂದ ಬಂದವು.

ಹಾಗಾದರೆ ಗಾಜಿನ ಹಿಂದಿನವಳು ಏನು ಮಾಡಬೇಕು? ಮಾಡುತ್ತಲೇ ಇರಬೇಕು. ಅದಕ್ಕೆ ಬಂತು ನೋಟದ ಹಿಟ್ಟು. ಹುಳಿಯಬಾರದು, ಬೂಷ್ಟು ಹಿಡಿಯಬಾರದು ಎಂದು ಬೊಗಸೆಗಟ್ಟಲೆ ಉಪ್ಪು ಸುರಿದು, ನೀರು ಕಡಿಮೆ ಮಾಡಿ ನಾದಿದ ಹಿಟ್ಟು. ಕಿವಿ ಮಾಡಿ ತಟ್ಟೆಯಲ್ಲಿ ಹರಡುವುದು, ತಟ್ಟೆ ಒಳಗೆ ಹೋಗುವುದು, ಒಳಗೆ ನಾದಿನಿ ಆ ಕಿವಿಗಳನ್ನೆಲ್ಲ ಮತ್ತೆ ಹಿಚುಕಿ ಉಂಡೆ ಮಾಡಿ ಕಳಿಸುವುದು. ಅದೇ ಹಿಟ್ಟು, ವಾರಗಟ್ಟಲೆ. ದಿನ ಹೋದಂತೆ ಅದು ಹೊಲಿಗೆ ಹಾಕುವ ಚರ್ಮದಷ್ಟು ಬಿಗಿಯಾಗುತ್ತಿತ್ತು.

"ಅತ್ತಿಗೆ, ನೀನು ಮಾಡೋದು, ನಾನು ಕೆಡಿಸೋದು. ಇಬ್ಬರಿಗೂ ಸಂಬಳ. ಇಂಥ ಸುಖದ ಕೆಲಸ ರಾಜನಿಗೂ ಸಿಗಲ್ಲ ಬಿಡು" ಎಂದು ನಾದಿನಿ ನಗುತ್ತಿದ್ದಳು.

"ಸಂಬಳ ಅಂದ್ಯಲ್ಲ, ಅದನ್ನ ಪೂರ್ತಿಯಾಗಿ ಯಾವಾಗ ನೋಡಿದ್ದೆ ಕೊನೆಗೆ?"

"ಗಾಜಿನ ಹಿಂದೆ ಇಟ್ಟಿರಬೇಕು. ನೋಡಬಹುದು, ಮುಟ್ಟೋ ಹಾಗಿಲ್ಲ."

ನಗು ಅಷ್ಟಕ್ಕೇ ನಿಲ್ಲುತ್ತಿತ್ತು. ಯಾಕೆಂದರೆ ಕಿವಿಯಕ್ಕನ ಬಲಗೈ ಆ ಹೊತ್ತಿಗೆ ಕೈಕೊಡಲು ಶುರುಮಾಡಿತ್ತು. ಮೊದಲು ಜುಮ್ಮೆನ್ನುವುದು. ಆಮೇಲೆ ಬೆಳಿಗ್ಗೆ ಎದ್ದರೆ ಸೀರೆಯ ಸೆರಗು ಹಿಡಿಯಲಾಗದಷ್ಟು ಜೋಮು. ಆಮೇಲೆ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು, ಮೂರೂ ಸತ್ತಂತಾದವು. ಒಮ್ಮೆ ಒಲೆಯ ಹತ್ತಿರದ ಬಿಸಿ ತಪ್ಪಲೆಯನ್ನು ಬರಿಗೈಯಲ್ಲಿ ಎತ್ತಿದಳು. ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು, ಅದು ತನ್ನದೇ ಚರ್ಮ.

ನಾದಿನಿ ದರದರನೆ ಎಳೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಕೈ ತಿರುಗಿಸಿ ನೋಡಿ, ಮಣಿಕಟ್ಟಿನಲ್ಲಿ ನರ ಅಮುಕಿಹೋಗಿದೆ ಎಂದಳು. ಹೆಬ್ಬೆರಳಿನ ಬುಡದ ದಪ್ಪ ಮಾಂಸವನ್ನು ಒತ್ತಿ ತೋರಿಸಿದಳು. ಎಡಗೈಯಲ್ಲಿ ಉಬ್ಬು, ಬಲಗೈಯಲ್ಲಿ ತಗ್ಗು.

"ಇದು ಒಣಗ್ತಾ ಇದೆ ಕಣಮ್ಮ. ಪೂರ್ತಿ ಒಣಗಿದ ಮೇಲೆ ನಾನಿರಲಿ, ನಮ್ಮಪ್ಪ ಬಂದ್ರೂ ಸರಿಮಾಡೋಕಾಗಲ್ಲ. ಸಣ್ಣ ಆಪರೇಷನ್. ಇಲ್ಲಿ ದುಡ್ಡು ಕೊಡಬೇಕಿಲ್ಲ."

"ಮಾಡಿಬಿಡಿ ಡಾಕ್ಟ್ರೇ, ಇವತ್ತೇ ಮಾಡಿ" ಎಂದಳು ನಾದಿನಿ.

"ಮಾಡ್ತೀನಿ. ಆದ್ರೆ ಆಮೇಲೆ ಎರಡು ತಿಂಗಳು ಹಿಟ್ಟು ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಮಾಡಿದ್ದೂ ದಂಡ."

ಆಪರೇಷನ್ ಪುಕ್ಕಟೆ, ಕೂತು ತಿನ್ನುವುದು ಪುಕ್ಕಟೆಯಲ್ಲ. ನಾದಿನಿಯ ಸಂಬಳ ಬಾಡಿಗೆಗೇ ಸಾಲದು. ಕೈ ಉಳಿಯಬೇಕಾದರೆ ಯಜಮಾನ ಹಿಡಿದಿಟ್ಟುಕೊಂಡ ಸಂಬಳ ಬರಬೇಕು. ಬೇರೆ ದಾರಿ ಇರಲಿಲ್ಲ. ಬೇರೆ ಹೋಟೆಲಿಗೆ ಹೋಗೋಣವೆಂದರೆ, ಬೆರಳು ಸತ್ತವಳನ್ನು ಯಾರು ಸೇರಿಸಿಕೊಳ್ಳುತ್ತಾರೆ? ಚೀಲದ ಗುಟ್ಟು ಬೀದಿಗೆ ಹೇಳಿಬಿಡೋಣವೆಂದರೆ, ಹೋಟೆಲು ಮುಚ್ಚಿದರೆ ಬಾಕಿ ಕೊಡುವವನು ಯಾರು? ನಾದಿನಿಯ ಕೆಲಸವೂ ಹೋಗುತ್ತದೆ. ಕಳ್ಳನ ಜೇಬು ತುಂಬಿರಲಿ ಎಂದು ಕಳೆದುಕೊಂಡವಳೇ ಹರಕೆ ಹೊರಬೇಕಾದ ಸ್ಥಿತಿ.

ಹೋಗಿ ಕೇಳಿದಳು. ಒಂದು ಸಲವಲ್ಲ. ಕೇಳಿದಾಗಲೆಲ್ಲ ಯಜಮಾನ ಹೆಗಲ ಮೇಲೆ ಕೈ ಹಾಕುತ್ತಿದ್ದ. "ಅಕ್ಕ, ನೀನು ನನ್ನ ಎತ್ತಿ ಆಡಿಸಿದವಳು. ನಿಂಗೆ ಮೋಸ ಮಾಡ್ತೀನಾ?" ಎತ್ತಿ ಆಡಿಸಿದ್ದು ನಿಜ. ಅಡುಗೆಮನೆಯಲ್ಲಿ ಅವನ ಸಿಂಬಳ ಒರೆಸಿದ ಕೈ ಅದು. ಆ ಕೈಯನ್ನೇ ಅವನು ಗಾಜಿನ ಹಿಂದೆ ಕೂರಿಸಿ ಒಣಗಿಸುತ್ತಿದ್ದ.

ಕೊನೆಗೊಂದು ದಿನ ಅವನೇ ಕರೆದ. ಮುಖ ಅರಳಿತ್ತು. ಇನ್ನೊಂದು ಹೋಟೆಲು ತೆರೆಯಲು ದುಡ್ಡು ಹಾಕುವವನೊಬ್ಬ ಸಿಕ್ಕಿದ್ದಾನೆ, ಭಾನುವಾರ ಮಧ್ಯಾಹ್ನ ಮನೆಮಂದಿಯ ಜೊತೆ ಊಟಕ್ಕೆ ಬರುತ್ತಾನೆ ಎಂದ. "ಅವರ ಮನೇಲಿ ನಾಲಿಗೆ ಚುರುಕು. ಚೀಲದ್ದು ಹಾಕಿದ್ರೆ ಕಂಡುಹಿಡೀತಾರೆ. ಅವತ್ತು ನಿನ್ನ ಕೈಯದೇ ಆಗಬೇಕು, ಅಮ್ಮ ಮಾಡ್ತಿದ್ದ ಹಾಗೇ. ಊಟ ಚೆನ್ನಾಗಾದ್ರೆ ಸಂಜೆನೇ ನಿನ್ನ ಬಾಕಿ ಪೂರ್ತಿ ಕೈಲಿಡ್ತೀನಿ."

"ಆಣೆ ಮಾಡು."

"ಅಮ್ಮನಾಣೆ."

ಕಿವಿಯಕ್ಕ ನಂಬಿದಳು. ನಂಬದೆ ಏನು ಮಾಡುತ್ತಿದ್ದಳು, ಹೇಳಿ?

ಭಾನುವಾರ ಬೆಳಿಗ್ಗೆ ಬೇಗ ಹೋಗಿ ಒಳ್ಳೆಯ ಹಿಟ್ಟು ನಾದಿಟ್ಟಳು. ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಂಡು, ಅಂಗೈ ಸಾಲದಾದಾಗ ಮೊಣಕೈ ಊರಿ, ಇಡೀ ಮೈಭಾರ ಹಾಕಿ ನಾದಿದಳು. ನಾದಿದ್ದನ್ನು ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಒದ್ದೆ ಬಟ್ಟೆ ಮುಚ್ಚಿಟ್ಟಳು. ನೋಟದ ಹಿಟ್ಟು ಎಂದಿನಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಅತಿಥಿಗಳು ಬರುವವರೆಗೆ ಬೀದಿಯವರಿಗೆ ತೋರಿಸಲು ಅದೂ ಬೇಕು. ಹಿಟ್ಟು ನೆನೆಯಲಿ ಎಂದು ಬಿಟ್ಟು ನಾದಿನಿಯ ಜೊತೆ ಹಿತ್ತಲಿಗೆ ಹೋಗಿ ಸೊಪ್ಪು ಬಿಡಿಸುತ್ತ ಕೂತಳು.

ಆ ಹೊತ್ತಿಗೆ ಯಜಮಾನ ಬಂದ. ಗಾಜಿನ ಹಿಂದೆ ಹಳೇ ಪಾತ್ರೆ, ಪ್ಲಾಸ್ಟಿಕ್ ಡಬ್ಬಿ ಕಂಡು ಅವನ ಮಾನ ಹೋದಂತಾಯಿತು. ಹೊಸದಾಗಿ ತಂದಿದ್ದ ಎರಡು ಪಿಂಗಾಣಿ ಬೋಗುಣಿಗಳಿಗೆ ಎರಡೂ ಹಿಟ್ಟನ್ನು ತಾನೇ ಎತ್ತಿ ಹಾಕಿದ. ಎರಡಕ್ಕೂ ಒಂದೇ ಥರದ ಬಿಳಿ ಬಟ್ಟೆ ಮುಚ್ಚಿದ. ಯಾವುದು ಯಾವುದೆಂದು ಹೇಳಬೇಕೆನ್ನುವುದು ಅವನ ತಲೆಗೆ ಬರಲಿಲ್ಲ. ಅವನ ಪಾಲಿಗೆ ಹಿಟ್ಟು ಅಂದರೆ ಹಿಟ್ಟು.

ಕಿವಿಯಕ್ಕ ಬಂದು ನೋಡಿದಳು. ಎರಡು ಬೋಗುಣಿ, ಎರಡು ಬಿಳಿ ಬಟ್ಟೆ. ಬಣ್ಣದಲ್ಲಿ ಕೂದಲೆಳೆಯ ಅಂತರವಿಲ್ಲ. ಬೆರಳು ಬದುಕಿದ್ದ ಕಾಲದಲ್ಲಾದರೆ ಕಣ್ಣುಕಟ್ಟಿ ಬಿಟ್ಟರೂ ಹೇಳುತ್ತಿದ್ದಳು: ಒಳ್ಳೆಯ ಹಿಟ್ಟು ಒತ್ತಿದರೆ ಮೆಲ್ಲಗೆ ಮೇಲೇಳುತ್ತದೆ, ಉಪ್ಪಿನದು ಒತ್ತಿದಲ್ಲೇ ಬಿದ್ದಿರುತ್ತದೆ. ಈಗ ಅವಳ ಬಲಗೈ ಬೆರಳಿಗೆ ಎರಡೂ ಮರದ ತುಂಡೇ; ಎಡಗೈಗೆ ಆ ಹದ ಎಂದೂ ಗೊತ್ತಿರಲಿಲ್ಲ. ಚಿವುಟಿ ನಾಲಿಗೆಗೆ ಇಟ್ಟುಕೊಂಡಿದ್ದರೂ ಸಾಕಿತ್ತು. ಆದರೆ ಗಾಜಿನ ಹಿಂದೆ ಬಾಯಾಡಿಸಕೂಡದು, ಜನ ಅಸಹ್ಯಪಡುತ್ತಾರೆ ಎಂದು ಯಜಮಾನ ಎಂದೋ ಕಟ್ಟಪ್ಪಣೆ ಮಾಡಿದ್ದ. ಅಂದು ಗಾಜಿನಾಚೆ ಅವನೇ ನಿಂತು ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದ. ಕೇಳೋಣವೆಂದು ಕೈ ಬೀಸಿ ಎರಡೂ ಬೋಗುಣಿ ತೋರಿಸಿದಳು. ಅವನು ಚೆನ್ನಾಗಿ ಕಾಣುತ್ತಿದೆ ಎಂಬಂತೆ ಹೆಬ್ಬೆರಳು ಎತ್ತಿ ತೋರಿಸಿ, ಅಷ್ಟರಲ್ಲಿ ಬಂದು ನಿಂತ ಕಾರಿನ ಬಾಗಿಲು ತೆಗೆಯಲು ಓಡಿದ.

ಸದಾ ನೋಟದ ಹಿಟ್ಟು ಇರುತ್ತಿದ್ದದ್ದು ಎಡಗಡೆ. ಹಾಗಾಗಿ ಬಲಗಡೆಯದನ್ನು ಎತ್ತಿಕೊಂಡಳು. ಹೊಸೆಯುವಾಗ ಬಿಗಿಯೆನಿಸಿತು. ನನ್ನ ಕೈಯೇ ಹಾಳಾಗಿದೆ, ಹಿಟ್ಟಿನದೇನು ತಪ್ಪು ಅಂದುಕೊಂಡಳು. ಹಲ್ಲು ಕಚ್ಚಿ ಒಂದೊಂದೇ ಕಿವಿ ಮಗುಚಿದಳು. ಕಾರಿನಿಂದ ಇಳಿದವರು ಗಾಜಿನ ಮುಂದೆ ನಿಂತು ಮೆಚ್ಚಿಕೊಂಡು ನೋಡಿದರು. ತಟ್ಟೆ ಒಳಗೆ ಹೋಯಿತು.

ಒಲೆಯ ಮುಂದೆ ಇದ್ದವನು ಹೊಸ ಅಡುಗೆಯವನು. ಅವನಾದರೂ ಒಂದು ಕಿವಿ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಚೀಲದ ಪಾಸ್ತಾ ಬೇಯಿಸಿ ಬೇಯಿಸಿ ಅವನಿಗೆ ಗಡಿಯಾರ ನೋಡಿ ಇಳಿಸುವ ಚಟ ಬಿದ್ದಿತ್ತು, ರುಚಿ ನೋಡುವ ಚಟ ಹೋಗಿತ್ತು. ನೀರು ಬೆಳ್ಳಗಾಗಿ ಕಿವಿಯ ಅಂಚು ಕರಗುವುದನ್ನು ಕಂಡ. ಹಸಿ ಹಿಟ್ಟು ಹೀಗೇ ಇರಬೇಕು ಅಂದುಕೊಂಡ. ಬೆಳ್ಳುಳ್ಳಿ, ಸೊಪ್ಪು, ಎಣ್ಣೆಯಲ್ಲಿ ಹೊರಳಿಸಿ ಕಳಿಸಿದ.

ದುಡ್ಡು ಹಾಕುವವನ ಅತ್ತೆ ಮೊದಲ ತುತ್ತು ತಿಂದಳು. ಮುದುಕಿಯ ಕಣ್ಣು ಗೋಲಿಯಂತೆ ಹೊರಬಂದವು. ಬಾಯಲ್ಲಿದ್ದುದನ್ನು ಕರವಸ್ತ್ರಕ್ಕೆ ಉಗಿದಳು.

"ಏನಪ್ಪಾ ಅಳಿಯ, ಊಟಕ್ಕೆ ಕರ್ಕೊಂಡು ಬಂದ್ಯೋ, ಉಪ್ಪಿನಕಾಯಿ ಹಾಕೋಕೆ ಕರ್ಕೊಂಡು ಬಂದ್ಯೋ?"

ಅಳಿಯ ತಾನೂ ಒಂದು ತುತ್ತು ಹಾಕಿಕೊಂಡು ನೀರಿನ ಲೋಟ ಹುಡುಕಿದ. ಯಜಮಾನ ಓಡಿಬಂದ, ಕೈಮುಗಿದ, ಬೇರೆ ತಟ್ಟೆ ತರುತ್ತೇನೆಂದ. ಅಳಿಯ ಎದ್ದು ನಿಂತು ಒಂದೇ ಮಾತು ಹೇಳಿದ: "ಇದು ನಿಮ್ಮ ಹೆಗ್ಗಳಿಕೆಯ ಪಾಸ್ತಾ ಆದ್ರೆ, ಉಳಿದದ್ದು ಹೇಗಿರುತ್ತೋ ನೋಡೋ ಧೈರ್ಯ ನಂಗಿಲ್ಲ." ಕಾರು ಹೋಯಿತು.

ಅಡುಗೆಮನೆಯಲ್ಲಿ ಯಜಮಾನ ಕಿವಿಯಕ್ಕನ ಮುಂದೆ ನಿಂತು ಚೀರಿದ. ಅಕ್ಕ ಅನ್ನುವ ಮಾತು ಬಾಯಿಂದ ಬಿದ್ದುಹೋಗಿತ್ತು.

"ಬೇಕು ಅಂತಲೇ ಮಾಡಿದ್ದೀಯ. ಬಾಕಿ ಕೊಟ್ಟಿಲ್ಲ ಅಂತ ಸೇಡು ತೀರಿಸ್ಕೊಂಡೆ."

"ಇಲ್ಲ ಯಜಮಾನ್ರೇ. ಗೊತ್ತಾಗ್ಲಿಲ್ಲ. ಬೆರಳಿಗೆ ಗೊತ್ತಾಗಲ್ಲ. ಬೋಗುಣಿಗೆ ಹಾಕಿದ್ದು ನೀವೇ ಅಲ್ವಾ?"

"ಹಿಟ್ಟಿನಲ್ಲೇ ಹುಟ್ಟಿದವಳ ಹಾಗೆ ಆಡ್ತೀಯ, ಗೊತ್ತಾಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಒಂದು ಸೂಜಿ ತಗೊಂಡು ಚುಚ್ಚಿ ನೋಡಿ. ಚುಚ್ಚಿ ನೋಡಿ ಬೇಕಾದ್ರೆ!" ಎಂದು ಕೈ ಚಾಚಿದಳು. ಅವನು ಆ ಕೈಯನ್ನು ತಳ್ಳಿದ. ಬಾಕಿಯೂ ಇಲ್ಲ, ಕೆಲಸವೂ ಇಲ್ಲ, ನನ್ನ ನಷ್ಟಕ್ಕೆ ನಿನ್ನ ಸಂಬಳ ವಜಾ ಎಂದ. ನಾದಿನಿ ಸೌಟು ಹಿಡಿದು ಮುಂದೆ ಬಂದಳು. ಕಿವಿಯಕ್ಕ ಎಡಗೈಯಿಂದ ಅವಳ ರಟ್ಟೆ ಹಿಡಿದು, "ನೀನು ಬಾಯಿ ಮುಚ್ಕೊಂಡು ತೊಳಿ. ನಿನ್ನ ಕೆಲಸವೂ ಹೋದ್ರೆ ಇಬ್ಬರೂ ಬೀದಿಗೆ ಬೀಳ್ತೀವಿ" ಎಂದಳು. ಆ ಬಾಯಿಬಡುಕಿ ಅಂದು ಅಳುತ್ತಲೇ ದುಡ್ಡು ಹಾಕುವವನ ಮನೆಮಂದಿಯ ತಟ್ಟೆಗಳನ್ನು ತೊಳೆದಳು.

ನಮ್ಮ ಹೋಟೆಲ್ ಕೆಲಸಗಾರರ ಸಂಘದ ಕಚೇರಿಗೆ ಅವಳು ಬಂದಾಗ ಕತೆ ಅವಳಿಗಿಂತ ಮೊದಲೇ ಬಂದಿತ್ತು. ನಮ್ಮವನೊಬ್ಬ ಎದ್ದು ಬೆನ್ನು ತಟ್ಟಿದ: "ಭೇಷ್ ಅಕ್ಕ! ಧಣಿಗೆ ಉಪ್ಪು ತಿನ್ನಿಸಿದ್ದೀಯ. ಎಲ್ಲ ಕಡೆ ಇಂಥ ಹೆಂಗಸರು ಬೇಕು."

ಕಿವಿಯಕ್ಕ ಅವನನ್ನು ದುರುಗುಟ್ಟಿ ನೋಡಿದಳು. "ಅಯ್ಯೋ ನಿನ್ನ ಭೇಷ್‌ಗೆ ಬೆಂಕಿ ಬೀಳ. ನಾನು ಬೇಕು ಅಂತ ಮಾಡಿಲ್ಲ ಕಣೋ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾಡಬೇಕು ಅಂತ ಯಾವತ್ತೂ ಕೂತಿರ್ಲಿಲ್ಲ. ಆ ಊಟ ಚೆನ್ನಾಗಿ ಆಗಿದ್ದಿದ್ರೆ ನನ್ನ ಕೈ ಉಳೀತಿತ್ತು." ಕಚೇರಿಯಲ್ಲಿ ಆಮೇಲೆ ಯಾರೂ ಭೇಷ್ ಅನ್ನಲಿಲ್ಲ. ಅವಳು ಬೇಕೆಂದೇ ಮಾಡಿದಳು ಎನ್ನುವ ಕತೆ ಕೇಳಲು ಚೆನ್ನ. ಆ ಕತೆಯಿಂದ ಲಾಭ ಯಜಮಾನನೊಬ್ಬನಿಗೇ.

ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆವು. ಮೊದಲ ವಿಚಾರಣೆಗೆ ಯಜಮಾನ ವಕೀಲನ ಜೊತೆ ಬಂದ. ಸೇಡಿನ ಮಾತೇ ಎತ್ತಲಿಲ್ಲ; ವಕೀಲ ಅದಕ್ಕಿಂತ ಒಳ್ಳೆಯ ಉಪಾಯ ಹೇಳಿಕೊಟ್ಟಿದ್ದ. ಕಾರ್ಖಾನೆಯ ಚೀಲದ ರಸೀದಿಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟರು. ನಮ್ಮಲ್ಲಿ ಪಾಸ್ತಾ ಹೊರಗಿನಿಂದ ಬರುತ್ತದೆ, ಪಾಸ್ತಾ ಮಾಡುವ ಕೆಲಸವೇ ನಮ್ಮಲ್ಲಿಲ್ಲ, ಇಲ್ಲದ ಕೆಲಸಕ್ಕೆ ಕೆಲಸದವಳು ಎಲ್ಲಿಂದ ಬರಬೇಕು ಎಂದರು. ಈಕೆ ಹಳೆಯ ಪರಿಚಯದವಳು, ಪಾಪ ಎಂದು ಆಗಾಗ ಕೈಗೆ ಒಂದಿಷ್ಟು ಕೊಡುತ್ತಿದ್ದೆವು ಎಂದರು. ಊರಿಗೆಲ್ಲ ಕೈಪಾಸ್ತಾ ಎಂದು ಬೋರ್ಡು ಬರೆಸಿದವನು ಕೈಯೇ ಇರಲಿಲ್ಲವೆಂದು ಕೈಯೆತ್ತಿ ಹೇಳಿದ. ನಾಚಿಕೆ ಬಿಟ್ಟವನಿಗೆ ದಾರಿ ಎಷ್ಟೊಂದು.

ಅಧಿಕಾರಿ ಕಿವಿಯಕ್ಕನ ಕಡೆ ತಿರುಗಿದ. ಕೆಟ್ಟವನಲ್ಲ, ಕಾಗದ ಕೇಳುವ ಪ್ರಾಣಿ.

"ನೇಮಕದ ಚೀಟಿ ಇದೆಯೇನಮ್ಮ?"

"ಹಿರಿಯಮ್ಮ ಬಾ ಅಂದ್ಲು, ಬಂದೆ ಸ್ವಾಮಿ."

"ಸಂಬಳದ ಚೀಟಿ?"

"ಕೈಗೆ ಕೊಡ್ತಿದ್ರು."

"ಮತ್ತೆ ಅಲ್ಲಿ ನೀವು ಕೆಲಸ ಮಾಡ್ತಿದ್ರಿ ಅನ್ನೋದಕ್ಕೆ ಏನಿದೆ?"

ಅವಳು ಬಲಗೈಯನ್ನು ಮೇಜಿನ ಮೇಲೆ ಇಟ್ಟಳು. ಹೆಬ್ಬೆರಳಿನ ಬುಡದ ತಗ್ಗು ಈಗ ದೂರದಿಂದಲೂ ಕಾಣುತ್ತದೆ. ಅಧಿಕಾರಿ ನೋಡಿದ, ಕನ್ನಡಕ ತೆಗೆದ, ಒರೆಸಿದ. ಕೈಯನ್ನು ಕಡತಕ್ಕೆ ಹೊಲಿಯಲಾಗುವುದಿಲ್ಲ ಎನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ. "ಸಾಕ್ಷಿ ಕರ್ಕೊಂಡು ಬನ್ನಿ" ಎಂದು ಮುಂದಕ್ಕೆ ಹಾಕಿದ.

ನಾದಿನಿ ಸಾಕ್ಷಿ ಹೇಳಲು ಸಿದ್ಧಳಿದ್ದಾಳೆ. ಮನೆಯವಳ ಮಾತು ನಡೆಯುವುದಿಲ್ಲ ಎನ್ನುತ್ತಾನೆ ಯಜಮಾನನ ವಕೀಲ. ಹೇಳಿದ ದಿನವೇ ಅವಳ ಕೆಲಸವೂ ಹೋಗುತ್ತದೆ. ಅಡುಗೆಯವನು ಫೋನು ಎತ್ತುವುದಿಲ್ಲ. ದರ್ಜಿ ತನ್ನ ಅಂಗಡಿಯೂ ಆ ಯಜಮಾನನ ಕಟ್ಟಡದಲ್ಲೇ ಇದೆಯೆಂದು ಕಣ್ಣು ತಪ್ಪಿಸುತ್ತಾನೆ. ಡಾಕ್ಟರಮ್ಮ ಕಳೆದ ವಾರ ಮತ್ತೆ ಕೈ ಒತ್ತಿ ನೋಡಿದಳು. ಇನ್ನೂ ಸ್ವಲ್ಪ ಜೀವ ಇದೆ, ಬೇಗ ಬಾ ಎಂದಳು. ಕಿವಿಯಕ್ಕ ಈಗ ಎಡಗೈಯಲ್ಲಿ ಒಂದು ಕಚೇರಿಯ ಮೆಟ್ಟಿಲು ಒರೆಸುತ್ತಾಳೆ. ಒದ್ದೆ ಬಟ್ಟೆ ಹಿಂಡಲು ಎರಡು ಕೈ ಬೇಕು. ಮೊಣಕಾಲಿನ ಸಂದಿಯಲ್ಲಿ ಒತ್ತಿಹಿಡಿದು ಹಿಂಡುತ್ತಾಳೆ.

ಈಗ ನಿಮ್ಮ ಹತ್ತಿರ ಬರುತ್ತೇನೆ. ನೀವು ಆ ಹೋಟೆಲಿನಲ್ಲಿ ಉಂಡಿದ್ದೀರಿ. ಮಗುವನ್ನು ಎತ್ತಿ ಗಾಜಿನ ಹತ್ತಿರ ಹಿಡಿದು "ನೋಡು, ಆಂಟಿ ಹೇಗೆ ಮಾಡ್ತಾಳೆ" ಎಂದಿದ್ದೀರಿ. ಅವಳ ಕೈಯ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದ್ದೀರಿ. ಆ ಫೋಟೋ ನಿಮ್ಮ ಫೋನಿನಲ್ಲಿ ಇವತ್ತಿಗೂ ಇದೆ, ತೆಗೆದ ತಾರೀಕಿನ ಸಮೇತ. ಅಯ್ಯೋ ಪಾಪ ಎನ್ನುವ ನಿಮ್ಮ ನಿಟ್ಟುಸಿರು ಅವಳಿಗೆ ಬೇಡ, ಸಂಘಕ್ಕೆ ನಿಮ್ಮ ಚಂದಾ ಬೇಡ, ಆ ಹೋಟೆಲಿಗೆ ಇನ್ನು ಹೋಗುವುದಿಲ್ಲ ಎನ್ನುವ ಶಪಥವೂ ಬೇಡ. ಮುಂದಿನ ವಿಚಾರಣೆ ಇದೇ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ. ರಜೆ ಹಾಕಿ ಬನ್ನಿ. ಅಧಿಕಾರಿಯ ಮುಂದೆ ನಿಂತು, ಫೋಟೋ ತೋರಿಸಿ, ಜೋರಾಗಿ ಹೇಳಿ: ಈಕೆ ಆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದಳು, ನಾನು ಕಣ್ಣಾರೆ ನೋಡಿದ್ದೇನೆ.

ಬರುತ್ತೀರೋ ಇಲ್ಲವೋ?